ಎಳ್ಳಮಾಸಿಗೆ ಬೇರೆ ಬುತ್ತಿ

ಡಿಸೆಂಬರ್ ಕೊನೆಯಲ್ಲಿ ವಿಜಯಪುರದ ಎರೆ ಹೊಲಗಳನ್ನು ನೋಡಬೇಕು. ಹಿಂಗಾರಿ ಜೋಳ ಆಳೆತ್ತರ ಬೆಳೆದು, ತೆನೆ ಹಿರಿದು, ಹಾಲುಗಾಳು ಕಟ್ಟುತ್ತಿರುತ್ತದೆ. ಸಾಲುಗಳ ನಡುವೆ ಕುಸುಬೆ, ಬದುವಿನಾಚೆ ಕಡಲೆ, ಅದಕ್ಕೂ ಆಚೆ ಒಂದು ತುಂಡಿನಲ್ಲಿ ಗೋಧಿ. ಇಬ್ಬನಿ ಬಿದ್ದ ಕಡಲೆ ಗಿಡವನ್ನು ಮುಂಜಾನೆ ಸವರಿ ಬೆರಳನ್ನು ನಾಲಿಗೆಗೆ ಹಚ್ಚಿಕೊಂಡರೆ ಹುಳಿಯೋ ಹುಳಿ. ಡೋಣಿ ಹೊಳೆಯ ಸೀಮೆ ಇದು. ಇಲ್ಲಿ ಬೆಳೆ ಕೈಗೆ ಹತ್ತಿದರೆ ಓಣಿಗೆಲ್ಲ ಜೋಳ ಎಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಮಳೆ ನಿಂತು ತಿಂಗಳುಗಳಾದರೂ ಕಪ್ಪು ಮಣ್ಣು ಒಳಗೊಳಗೇ ಹಸಿ ಹಿಡಿದುಕೊಂಡು ಬೆಳೆಗೆ ಉಣಿಸುತ್ತಿರುತ್ತದೆ.

ಎಳ್ಳ ಅಮಾವಾಸ್ಯೆ ಬರುವುದು ಇದೇ ಹೊತ್ತಿಗೆ. ಜನರ ಬಾಯಲ್ಲಿ ಅದು ಎಳ್ಳಮಾಸಿ. ಮಾರ್ಗಶಿರದ ಕೊನೆಯ ಈ ದಿನ ಕೆಲವು ವರ್ಷ ಡಿಸೆಂಬರಿನಲ್ಲಿ, ಕೆಲವು ವರ್ಷ ಜನವರಿಯಲ್ಲಿ ಬೀಳುತ್ತದೆ. 2024ರಲ್ಲಿ ಡಿಸೆಂಬರ್ 30ಕ್ಕೆ ಬಂದು ಮಕ್ಕಳ ಕ್ರಿಸ್‌ಮಸ್ ರಜೆಗೆ ಕೂಡಿಕೊಂಡಿತು. ಬೆಂಗಳೂರಿನಿಂದ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ಹತ್ತಿ ಹುಬ್ಬಳ್ಳಿ, ಗದಗ, ಬಾಗಲಕೋಟೆ ದಾಟಿ ವಿಜಯಪುರದಲ್ಲಿ ಇಳಿದೆವು. ಅಲ್ಲಿಂದ ತಾಳಿಕೋಟೆಯ ದಿಕ್ಕಿಗೆ ಬಸ್ಸಿನ ಹಾದಿ. ಹೋಗುತ್ತಿದ್ದುದು ನನ್ನ ಗಂಡನ ಮನೆಗೆ, ಅತ್ತೆ ಮಾವನ ಊರಿಗೆ. ಮೊದಲೂ ಎಷ್ಟೋ ಸಲ ಹೋಗಿದ್ದೆ. ಆದರೆ ನನಗೆ ಸೀಲಿಯಾಕ್ ಕಾಯಿಲೆ ಇದೆ ಎಂದು ಗೊತ್ತಾದ ಮೇಲೆ ಹಬ್ಬಕ್ಕೆ ಹೋದದ್ದು ಅದೇ ಮೊದಲು.

ನಾನು ಮಂಡ್ಯದ ಕಡೆಯವಳು, ರಾಗಿ ಮುದ್ದೆ ಉಂಡು ಬೆಳೆದವಳು. ಬೆಂಗಳೂರಿಗೆ ಬಂದು ಸಂಸಾರ ಹೂಡಿದ ಮೇಲೆ ಬೆಳಗ್ಗೆ ಚಪಾತಿ, ಸಂಜೆ ಬ್ರೆಡ್ಡು, ರಾತ್ರಿ ಮತ್ತೆ ಚಪಾತಿ ಎಂಬ ರೂಢಿ ಬಿತ್ತು. ಕ್ರಮೇಣ ಮೈಯಲ್ಲಿ ರಕ್ತವೇ ನಿಲ್ಲದಾಯಿತು. ಕಬ್ಬಿಣಾಂಶದ ಮಾತ್ರೆ ಎಷ್ಟು ನುಂಗಿದರೂ ಹಿಮೋಗ್ಲೋಬಿನ್ ಏರಲಿಲ್ಲ. ಹೊಟ್ಟೆ ಉಬ್ಬರ, ಕೂತಲ್ಲಿಂದ ಏಳಲಾರದಷ್ಟು ಸುಸ್ತು. ಕೊನೆಗೆ ಒಬ್ಬ ವೈದ್ಯರು ಮಾತ್ರೆ ಮೈಗೆ ಹತ್ತುತ್ತಿಲ್ಲವೇಕೆ ಎಂದು ಯೋಚಿಸಿ ರಕ್ತದಲ್ಲಿ ಟಿಟಿಜಿ ಪರೀಕ್ಷೆ ಮಾಡಿಸಿದರು. ಆಮೇಲೆ ಎಂಡೋಸ್ಕೋಪಿ ಮಾಡಿ ಸಣ್ಣಕರುಳಿನ ಚೂರು ತೆಗೆದು ನೋಡಿದರು. ಕಾರಣ ಅಲ್ಲಿ ಸಿಕ್ಕಿತು.

ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿ ಗ್ಲುಟೆನ್ ಎಂಬ ಪ್ರೋಟೀನ್ ಇರುತ್ತದೆ. ಬಹುತೇಕ ಜನರಿಗೆ ಅದರಿಂದ ಏನೂ ತೊಂದರೆಯಿಲ್ಲ. ಹುಟ್ಟಿನಿಂದಲೇ ಒಂದು ಬಗೆಯ ಜೀನ್ ಪಡೆದು ಬಂದ ಕೆಲವರಲ್ಲಿ ಮಾತ್ರ, ಗ್ಲುಟೆನ್ ಒಳಗೆ ಹೋದ ಕೂಡಲೇ ಮೈಯ ಕಾವಲು ಪಡೆ ತನ್ನದೇ ಕರುಳಿನ ಮೇಲೆ ತಿರುಗಿ ಬೀಳುತ್ತದೆ. ಅನ್ನದ ಸಾರ ಹೀರುವ ಕರುಳಿನ ಸಣ್ಣ ಎಸಳುಗಳು ಸವೆದು ಚಪ್ಪಟೆಯಾಗುತ್ತವೆ. ಉಂಡದ್ದು ಮೈಗೆ ಹತ್ತುವುದಿಲ್ಲ. ಮಕ್ಕಳಲ್ಲಾದರೆ ಬೆಳವಣಿಗೆ ಕುಂಠಿತವಾಗುತ್ತದೆ, ದೊಡ್ಡವರಲ್ಲಿ ರಕ್ತಹೀನತೆ, ಮೂಳೆ ಸವೆತ. ಇದನ್ನು ಗುಣಪಡಿಸುವ ಮಾತ್ರೆ ಇಲ್ಲ. ಬದುಕಿರುವಷ್ಟು ದಿನ ಗ್ಲುಟೆನ್ ಬಿಡುವುದೊಂದೇ ಚಿಕಿತ್ಸೆ. ಬಿಟ್ಟರೆ ಕರುಳು ಮೆಲ್ಲಗೆ ಚೇತರಿಸಿಕೊಳ್ಳುತ್ತದೆ. ಭಾರತದ ಹಲವು ಕಡೆ ಏಕಕಾಲಕ್ಕೆ ನಡೆಸಿ 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಉತ್ತರ ಭಾರತದಲ್ಲಿ ನೂರಕ್ಕೆ ಒಬ್ಬರಿಗಿಂತ ತುಸು ಹೆಚ್ಚು ಜನರಲ್ಲಿ ಈ ಕಾಯಿಲೆ ಕಂಡುಬಂದರೆ, ದಕ್ಷಿಣದಲ್ಲಿ ಕಂಡದ್ದು ಸಾವಿರಕ್ಕೆ ಒಬ್ಬರಲ್ಲಿ. ದಕ್ಷಿಣದಲ್ಲಿ ಗೋಧಿ ಕಡಿಮೆ ಉಣ್ಣುತ್ತೇವೆ ಎಂಬುದು ಅದಕ್ಕೊಂದು ಕಾರಣ. ಹಾಗಾಗಿ ನಮ್ಮ ಕಡೆ ಈ ಕಾಯಿಲೆಯ ಹೆಸರು ಕೇಳಿದವರೂ ಕಡಿಮೆ.

ಜೋಳದ ಸೀಮೆಗೆ ಹೋಗುವವಳಿಗೆ ಗೋಧಿಯ ಭಯವೇಕೆ ಎಂದು ಯಾರಿಗಾದರೂ ಅನ್ನಿಸಬಹುದು. ದಿನದ ಊಟಕ್ಕೆ ಈ ಭಯ ಬೇಕಿಲ್ಲ. ಬಿಳಿ ಜೋಳದ ರೊಟ್ಟಿ, ಮಡಕಿ ಕಾಳಿನ ಪಲ್ಯ, ಪುಂಡಿಪಲ್ಲೆ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ, ಇವುಗಳಲ್ಲಿ ಎಲ್ಲಿಯೂ ಗ್ಲುಟೆನ್ ಇಲ್ಲ. ಭಯ ಇರುವುದು ಹಬ್ಬಕ್ಕೆ. ಈ ಕಡೆ ಸಡಗರವೆಂದರೆ ಗೋಧಿ. ಹೂರಣದ ಹೋಳಿಗೆಯ ಕಣಕ ಗೋಧಿಯದು. ಶೇಂಗಾ ಹೋಳಿಗೆ, ಎಳ್ಳ ಹೋಳಿಗೆ, ಕಡುಬು, ಮಾದಲಿ, ಹುಗ್ಗಿ, ಸಜ್ಜಕ, ಶಾವಿಗೆ, ರವೆ ಉಂಡಿ, ಎಲ್ಲದರಲ್ಲಿಯೂ ಗೋಧಿ. ಊಟದ ಜೊತೆ ಕರಿದು ಬಡಿಸುವ ಕುರುಡಿಗೆ ಕೂಡ ಗೋಧಿ ನೆನೆಹಾಕಿ ಹಿಂಡಿದ ಹಾಲಿನಿಂದ ಆಗುವಂಥದ್ದು. ರೊಟ್ಟಿ ನಿತ್ಯದ ಊಟ, ಗೋಧಿ ಮರ್ಯಾದೆಯ ಊಟ. ಮನೆಗೆ ಬಂದ ಸೊಸೆಗೆ, ಅಳಿಯನಿಗೆ, ಬೀಗರಿಗೆ ಹೋಳಿಗೆ ನೀಡದೆ ಬರೀ ರೊಟ್ಟಿ ನೀಡಿದರೆ ಮನೆಯ ಹಿರಿಯಳಿಗೆ ತಾನೇ ಕುಂದು ಮಾಡಿದ ಹಾಗೆ.

ಅತ್ತೆಯವರಿಗೆ ಫೋನಿನಲ್ಲಿ ಮೊದಲೇ ಹೇಳಿದ್ದೆವು. ಕೇಳಿಸಿಕೊಂಡಿದ್ದರು. ಆದರೆ ಮನಸ್ಸು ಒಪ್ಪಿರಲಿಲ್ಲ. ಕೈಕಾಲು ತೊಳೆದು ಪಡಸಾಲೆಯಲ್ಲಿ ಕೂತ ಕೂಡಲೇ ಹತ್ತಿರ ಬಂದು, ನನ್ನ ಮುಂಗೈ ಹಿಡಿದು ತಿರುವಿ ನೋಡಿ, “ಎಷ್ಟ್ ಸೊರಗೀದಿ ನಮ್ಮವ್ವಾ” ಎಂದರು. ಆಮೇಲೆ ದನಿ ತಗ್ಗಿಸಿ ಕೇಳಿದರು: “ಹಬ್ಬದ ದಿನಾನೂ ನಿನಗ ರೊಟ್ಟೀನ ಉಣಸಬೇಕೇನವಾ? ಎಣ್ಣಿ ಕಡಿಮಿ ಹಾಕಿ, ತುಪ್ಪ ಹಾಕಿ ಕೊಡ್ತೀನಿ. ಒಂದ್ ಹೋಳಿಗಿ ತಿಂದ್ರ ಏನೂ ಆಗಂಗಿಲ್ಲ.”

ಪಥ್ಯದವರ ಬದುಕಿನಲ್ಲಿ ಇದಕ್ಕಿಂತ ಕಷ್ಟದ ಮಾತಿಲ್ಲ. ಹೊರಗಿನವರು ಒತ್ತಾಯ ಮಾಡಿದರೆ ಕೈಮುಗಿದು ಬೇಡ ಎನ್ನಬಹುದು. ಪ್ರೀತಿಯಿಂದ ನೀಡುವವರ ಎದುರು ತಟ್ಟೆ ಹಿಂದೆ ಸರಿಸುವುದು ಹೇಗೆ? ಅವರ ಲೆಕ್ಕದಲ್ಲಿ ಪಥ್ಯವೆಂದರೆ ಮಿತಿ. ಮಾವನಿಗೆ ಸಕ್ಕರೆ ಕಾಯಿಲೆ ಇದೆ. ಅವರು ಹಬ್ಬದ ದಿನ ಅರ್ಧ ಹೋಳಿಗೆ ತಿಂದು, ಸಂಜೆ ಹೊಲದ ಕಡೆ ಒಂದು ಸುತ್ತು ಹೆಚ್ಚು ನಡೆಯುತ್ತಾರೆ. ಅಲ್ಲಿ ಪ್ರಮಾಣದ ಲೆಕ್ಕ. ನನ್ನದರಲ್ಲಿ ಪ್ರಮಾಣಕ್ಕೆ ಜಾಗವೇ ಇಲ್ಲ. ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್ ಹೋಗುತ್ತಿದ್ದರೂ ಕರುಳಿನ ಗಾಯ ಮಾಯುವುದಿಲ್ಲ ಎಂದು ವೈದ್ಯರು ಪರೀಕ್ಷಿಸಿ ಕಂಡುಕೊಂಡಿದ್ದಾರೆ. ಅಷ್ಟು ಗ್ಲುಟೆನ್ನಿಗೆ ಸುಮಾರು ಅರ್ಧ ಗ್ರಾಂ ಗೋಧಿ ಹಿಟ್ಟು ಸಾಕು. ಬೆರಳ ತುದಿಗೆ ಮೆತ್ತಿಕೊಳ್ಳುವಷ್ಟು ಹಿಟ್ಟು ಅದು.

ಇದನ್ನು ಅತ್ತೆಯವರಿಗೆ ತಿಳಿಸಿ ಹೇಳಲು ನಾನು ಆಸ್ಪತ್ರೆಯ ಕಾಗದ ತೆಗೆಯಲಿಲ್ಲ. ಅವರು ಹೋಳಿಗೆಗೆ ಕಣಕ ನಾದುತ್ತಿದ್ದರು. ಪರಾತದಲ್ಲಿ ಹಿಟ್ಟು, ಒಂದು ಬಟ್ಟಲು ಎಣ್ಣೆ. ಅಂಗೈಯ ಹಿಮ್ಮಡಿಯಿಂದ ಒತ್ತುತ್ತಾರೆ, ಮಡಿಸುತ್ತಾರೆ, ಮತ್ತೆ ಒತ್ತುತ್ತಾರೆ. ಒಂದಿಷ್ಟು ಕಣಕ ಚಿವುಟಿ ಎರಡೂ ಕೈಯಿಂದ ಎಳೆದರೆ ಅದು ಹರಿಯದೆ ಪೊರೆಯಾಗಿ ಹಿಗ್ಗುತ್ತಿತ್ತು. ನಾನು ಪಕ್ಕದಲ್ಲಿ ಕೂತು, “ಅತ್ತೆ, ಅದು ಹಾಗೆ ಹಿಗ್ಗುತ್ತಲ್ಲ, ಆ ಜಿಗಿ ಇದೆಯಲ್ಲ, ಅದೇ ನನಗೆ ಆಗದಿರೋದು” ಎಂದೆ. ಅವರ ಕೈ ನಿಂತಿತು. ಕಣಕವನ್ನು ಮತ್ತೊಮ್ಮೆ ಎಳೆದು ನೋಡಿದರು. ಪಕ್ಕದ ಡಬ್ಬಿಯಲ್ಲಿದ್ದ ಜೋಳದ ಹಿಟ್ಟಿನ ಕಡೆ ನೋಡಿದರು.

“ಹಂಗಂದ್ರ ನಮ್ ಜ್ವಾಳಕ್ಕ ಜಿಗಿ ಬರಬೇಕಂದ್ರ ಎಸರು ಬೇಕು. ಗೋದಿಗಿ ತಣ್ಣೀರ ಸಾಕು. ಗೋದಿ ಜಿಗಿ ಅದರ ಹೊಟ್ಟ್ಯಾಗ ಐತಿ. ಅದೇ ಏನು?”

“ಅದೇ ಅತ್ತೆ.”

ಆ ಮಾತಿನಲ್ಲಿ ಪೂರ್ತಿ ವಿಜ್ಞಾನವಿದೆ. ಗೋಧಿ ಹಿಟ್ಟಿಗೆ ನೀರು ಬಿದ್ದು ನಾದಿದರೆ ಗ್ಲುಟೆನ್ ಬಲೆಯಾಗಿ ಹೆಣೆದುಕೊಳ್ಳುತ್ತದೆ. ಅದಕ್ಕೇ ಚಪಾತಿ ಲಟ್ಟಿಸಬಹುದು, ಹೋಳಿಗೆ ಹಿಗ್ಗಿಸಬಹುದು. ಜೋಳದಲ್ಲಿ ಆ ಪ್ರೋಟೀನ್ ಇಲ್ಲ. ಕುದಿಯುವ ಎಸರು ಹಾಕಿದಾಗ ಹಿಟ್ಟಿನ ಪಿಷ್ಟ ಬೆಂದು ಅಂಟು ಬಿಡುತ್ತದೆ, ರೊಟ್ಟಿ ನಿಲ್ಲುವುದು ಆ ಅಂಟಿನ ಬಲದಿಂದ. ಕುರುಡಿಗೆಗೆ ಗೋಧಿ ನೆನೆಹಾಕಿ, ಅರೆದು, ಹಾಲು ಹಿಂಡಿದ ಮೇಲೆ ಕೈಯಲ್ಲಿ ಉಳಿಯುವ ಗಸಿ ಜಗ್ಗಿದರೆ ಜಗ್ಗುತ್ತದೆ ಎಂಬುದನ್ನೂ ಅತ್ತೆಯವರೇ ನೆನೆಸಿಕೊಂಡರು. ಇಟಲಿಯ ಬೊಲೊನ್ಯಾದಲ್ಲಿ ಬೆಕ್ಕಾರಿ ಎಂಬ ವಿದ್ವಾಂಸ 18ನೇ ಶತಮಾನದಲ್ಲಿ ಗೋಧಿ ಹಿಟ್ಟಿನಿಂದ ಗ್ಲುಟೆನ್ ಬೇರ್ಪಡಿಸಿ ತೋರಿಸಿದ್ದೂ ಹೀಗೇ, ನೀರಿನಲ್ಲಿ ಹಿಟ್ಟು ತೊಳೆದು. ಪಿಷ್ಟ ಹಾಲಾಗಿ ಹರಿದುಹೋದ ಮೇಲೆ ಕೈಯಲ್ಲಿ ಉಳಿದ ಜಿಗುಟು ಮುದ್ದೆ ಅದು. ವರ್ಷವರ್ಷವೂ ಬೇಸಿಗೆಯಲ್ಲಿ ಕುರುಡಿಗೆ ಹಾಕುವ ಹೆಂಗಸರ ಕೈಗೆ ಈ ಗುಣ ಮೊದಲಿನಿಂದ ಗೊತ್ತು.

ಅಲ್ಲಿಂದ ಮುಂದೆ ನಾನು ಹೇಳಬೇಕಾದದ್ದು ಕಡಿಮೆಯಾಯಿತು. ಅತ್ತೆಯವರು ಅಡುಗೆಮನೆಯ ಕಾರಭಾರವನ್ನು ಬೇರೆಯೇ ಕಣ್ಣಿನಿಂದ ನೋಡತೊಡಗಿದರು. “ಹಂಚು?” ಎಂದು ತಾವೇ ಕೇಳಿಕೊಂಡರು. ರೊಟ್ಟಿಯ ಹಂಚಿನ ಮೇಲೆ ಚಪಾತಿಯನ್ನೂ ಸುಡುತ್ತಿದ್ದರು. ಅಟ್ಟದ ಮೇಲೆ ಹಳೆಯ ಕಬ್ಬಿಣದ ಹಂಚೊಂದಿತ್ತು. ಅದನ್ನು ಇಳಿಸಿ, ಬೂದಿ ಹಚ್ಚಿ ತಿಕ್ಕಿ, ಒಲೆಯ ಮೇಲಿಟ್ಟು ಕೆಂಪಗೆ ಕಾಯಿಸಿ ನನಗೆಂದು ಎತ್ತಿಟ್ಟರು. ಹಿಟ್ಟು ನಾದಲು ಬೇರೆ ಪರಾತ. ರೊಟ್ಟಿ ಮುಚ್ಚಿಡಲು ಬೇರೆ ಬಟ್ಟೆ. ಕರಿಯುವ ದಿನ, “ಮೊದಲನೇ ಎಣ್ಣಿ ನಿಂದು, ಕಡೀ ಎಣ್ಣಿ ಪೂರಿದು” ಎಂದು ತೀರ್ಪು ಕೊಟ್ಟರು. ಪೂರಿ ಕರಿದ ಎಣ್ಣೆಯಲ್ಲಿ ಹಿಟ್ಟಿನ ಕಣ ಉಳಿಯುತ್ತದೆ ಎಂದು ನಾನಿನ್ನೂ ಹೇಳಿರಲಿಲ್ಲ.

ಎಲ್ಲಕ್ಕಿಂತ ದೊಡ್ಡ ತೊಡಕು ಗಿರಣಿಯದು. ಊರಿಗೆ ಒಂದೇ ಗಿರಣಿ. ಬೆಳಗ್ಗೆ ಒಬ್ಬರು ಗೋಧಿ ಬೀಸಿಸುತ್ತಾರೆ, ಅದೇ ಕಲ್ಲಿನಲ್ಲಿ ಇನ್ನೊಬ್ಬರ ಜೋಳ. ಹಬ್ಬದ ಹಿಂದಿನ ದಿನವಂತೂ ಗೋಧಿಯದೇ ಸರದಿ, ಹಿಟ್ಟಿನ ಧೂಳು ಮಾಡಿನ ತೊಲೆಯವರೆಗೆ ಕೂತಿರುತ್ತದೆ. ಜೋಳದಲ್ಲಿ ಗ್ಲುಟೆನ್ ಇಲ್ಲದಿದ್ದರೂ ಜೋಳದ ಹಿಟ್ಟಿನಲ್ಲಿ ಗ್ಲುಟೆನ್ ಇರಬಹುದಾದ ದಾರಿ ಇದು. ಗ್ಲುಟೆನ್ ಮುಕ್ತ ಎಂದು ಚೀಟಿ ಅಂಟಿಸಿ ಮಾರುವ ಪದಾರ್ಥದಲ್ಲಿ ಕಿಲೋಗೆ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರಕೂಡದು ಎಂಬುದು ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ. ಹಳ್ಳಿಯ ಗಿರಣಿಯಲ್ಲಿ ಅದನ್ನು ಅಳೆಯುವವರು ಯಾರು?

ಅತ್ತೆಯವರು ಮೊದಲು ಗಿರಣಿಯವನನ್ನು ಕೇಳಿ ನೋಡಿದರು. ನಸುಕಿನಲ್ಲಿ ಎಲ್ಲರಿಗಿಂತ ಮೊದಲು ಬಂದು, ಒಂದೆರಡು ಸೇರು ಜೋಳ ಬೀಸಿಸಿ ಅದನ್ನು ದನಕ್ಕೆ ಹಾಕಿ, ಆಮೇಲೆ ತಮ್ಮದನ್ನು ಬೀಸಿಸಬಹುದೇ ಎಂದು. ಆತ ಒಪ್ಪಿದ. ಮನೆಗೆ ಬಂದ ಮೇಲೆ ಅತ್ತೆಯವರಿಗೇ ಸಮಾಧಾನವಾಗಲಿಲ್ಲ. ಹಿತ್ತಲ ಕೋಣೆಯ ಮೂಲೆಯಲ್ಲಿ, ಗೋಣಿಚೀಲಗಳ ಹಿಂದೆ, ಬೀಸುವ ಕಲ್ಲು ಇತ್ತು. ಬಹಳ ವರ್ಷಗಳಿಂದ ಅದರಲ್ಲಿ ಬೇಳೆ ಒಡೆಯುವುದು ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ನನ್ನ ಗಂಡ ಮತ್ತು ಮೈದುನ ಸೇರಿ ಅದನ್ನು ಎತ್ತಿ ತಂದರು. ನೀರಿನಿಂದ ತೊಳೆದು ಬಿಸಿಲಿಗೆ ಒಣಗಿಸಿದರು. ಗೂಟಕ್ಕೆ ಹೊಸ ಬೆಣೆ ಬಡಿದರು.

ಅಂದು ಇಳಿಹೊತ್ತಿನಲ್ಲಿ ಅತ್ತೆ ಮತ್ತು ನನ್ನ ನೆಗೆಣ್ಣಿ ಎದುರುಬದುರು ಕಾಲು ಚಾಚಿ ಕೂತರು. ಬಲಗೈ ಗೂಟದ ಮೇಲೆ, ಎಡಗೈಯಿಂದ ಹಿಡಿ ಹಿಡಿ ಜೋಳ ಕಲ್ಲಿನ ಬಾಯಿಗೆ. ಮೊದಲ ಸುತ್ತು ಒರಟು ಸದ್ದು, ಕಾಳು ಒಳಗೆ ಇಳಿದ ಮೇಲೆ ಸದ್ದು ಗಂಭೀರವಾಯಿತು. ಕಲ್ಲಿನ ಅಂಚಿನಿಂದ ಬೆಳ್ಳಗಿನ ಹಿಟ್ಟು ಸುತ್ತಲೂ ಸಣ್ಣಗೆ ಸುರಿಯತೊಡಗಿತು, ಮುಟ್ಟಿದರೆ ಬೆಚ್ಚಗೆ. ಅವರದೇ ಹೊಲದ ಮಾಲದಂಡಿ ಜೋಳ. ಕೈ ಸೋತಾಗ ಗೂಟ ನನಗೆ ಕೊಟ್ಟರು, ಆದರೆ ತಾವು ಕೈ ತೆಗೆಯಲಿಲ್ಲ. ಒಂದೇ ಗೂಟದ ಮೇಲೆ ಮೂವರ ಕೈ. “ಬೀಸೂ ಕಲ್ಲಿನ ಹಿಟ್ಟಿನ ರೊಟ್ಟಿ ರುಚೀನ ಬ್ಯಾರೆ. ನಿನ್ನ ಸಲುವಾಗಿ ನಮಗೂ ಸಿಕ್ಕಂಗಾತು” ಎಂದು ನೆಗೆಣ್ಣಿ ನಕ್ಕರು.

ಮರುದಿನ ಬೆಳಗ್ಗೆ ಸಾರಿಗೆ ಒಗ್ಗರಣೆ ಹಾಕುವ ಹೊತ್ತು. ಸಾಸಿವೆ ಸಿಡಿಯಿತು, ಕರಿಬೇವು ಬಿತ್ತು. ಹಿಂಗಿನ ಡಬ್ಬಿಗೆ ಕೈ ಹಾಕಿದ ಅತ್ತೆಯವರು ಹಾಗೇ ನಿಂತರು. ಏಳನೇ ತರಗತಿಯ ಮೊಮ್ಮಗಳನ್ನು ಕರೆದು, ಡಬ್ಬಿಯ ಮೇಲಿನ ಸಣ್ಣ ಅಕ್ಷರ ಓದು ಎಂದರು. ಹುಡುಗಿ ಬಾಗಿಲ ಬೆಳಕಿಗೆ ಹಿಡಿದು ಓದಿದಳು: ಗೋಂದು, ಗೋಧಿ ಹಿಟ್ಟು, ಹಿಂಗು. ನಾವು ಅಂಗಡಿಯಿಂದ ತರುವ ಪುಡಿ ಹಿಂಗು ಬರೀ ಹಿಂಗಲ್ಲ. ಗಿಡದ ಬೇರಿನಿಂದ ಸಿಗುವ ಹಿಂಗಿನ ರಾಳ ತೀರಾ ಕಟು. ಅದನ್ನು ಹದಗೊಳಿಸಲು ಗೋಂದು ಮತ್ತು ಧಾನ್ಯದ ಹಿಟ್ಟು ಬೆರೆಸುತ್ತಾರೆ. ಹಲವು ಕಂಪನಿಗಳದರಲ್ಲಿ ಆ ಹಿಟ್ಟು ಗೋಧಿಯದು, ಕೆಲವರದರಲ್ಲಿ ಅಕ್ಕಿಯದು. ಅತ್ತೆಯವರು ಡಬ್ಬಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಹೇಳಿದರು: “ಹಿಟ್ಟು ನೆಲದ ಮ್ಯಾಲ ಬಿದ್ರ ಕಾಣತೈತಿ. ಹಿಂಗಿನ್ಯಾಗ ಹೋಗಿ ಕುಂತ್ರ ಹೆಂಗ ಕಾಣಬೇಕು?” ಅಂದಿನಿಂದ ಒಗ್ಗರಣೆಗೆ ಬೆಳ್ಳುಳ್ಳಿ ಜಜ್ಜಿ ಹಾಕಿದರು. ಮೊಮ್ಮಗಳು ತಾನೇ ಮುಂದಾಗಿ ಕಪಾಟಿನ ಪೊಟ್ಟಣಗಳನ್ನೆಲ್ಲ ಇಳಿಸಿ ಓದಿದಳು. ನಾನು ಸೊರಗಿದ್ದೇನೆಂದು ತರಿಸಿಟ್ಟಿದ್ದ, ಹಾಲಿಗೆ ಬೆರೆಸಿ ಕುಡಿಯುವ ಪುಡಿಯಲ್ಲಿ ಬಾರ್ಲಿಯ ಮಾಲ್ಟ್ ಇದ್ದದ್ದನ್ನು ಕಂಡುಹಿಡಿದವಳೂ ಅವಳೇ.

ಮಾವನವರು ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರಾಗಿದ್ದವರು. ಇದನ್ನೆಲ್ಲ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದ ಅವರು ಒಂದು ಸಂಜೆ, “ಗೋದಿಯಿಂದ ಹಿಂಗಾಗತೈತಿ ಅಂತ ಯಾರು ಕಂಡಹಿಡದ್ರು?” ಎಂದು ಕೇಳಿದರು. ನೆದರ್‌ಲೆಂಡ್ಸಿನ ಮಕ್ಕಳ ವೈದ್ಯ ವಿಲ್ಲೆಮ್ ಕಾರೆಲ್ ಡಿಕೆ ಅವರ ಕತೆ ಹೇಳಿದೆ. ಬ್ರೆಡ್ಡು ಬಿಡಿಸಿದರೆ ಈ ಕಾಯಿಲೆಯ ಮಕ್ಕಳು ಸುಧಾರಿಸುತ್ತಾರೆ ಎಂಬ ಅನುಮಾನ ಅವರಿಗೆ ಎರಡನೇ ಮಹಾಯುದ್ಧಕ್ಕೆ ಮೊದಲೇ ಇತ್ತು. 1944-45ರ ಚಳಿಗಾಲದಲ್ಲಿ ಆ ದೇಶಕ್ಕೆ ಘೋರ ಕ್ಷಾಮ ಬಂತು. ಬ್ರೆಡ್ಡು ಸಿಗದೆ ಜನ ಟ್ಯೂಲಿಪ್ ಹೂವಿನ ಗಡ್ಡೆಯನ್ನೂ ಬೇಯಿಸಿ ತಿಂದರು. ಊರೆಲ್ಲ ಹಸಿದಿದ್ದ ಆ ಕಾಲದಲ್ಲಿ ಈ ಮಕ್ಕಳ ಹೊಟ್ಟೆಯ ಕಾಯಿಲೆ ಇಳಿಮುಖವಾಯಿತು. ಬ್ರೆಡ್ಡು ಮರಳಿದಾಗ ಕಾಯಿಲೆಯೂ ಮರಳಿತು. 1950ರಲ್ಲಿ ಡಿಕೆ ತಮ್ಮ ಪ್ರೌಢಪ್ರಬಂಧದಲ್ಲಿ ಇದನ್ನು ಸಾಧಾರವಾಗಿ ಬರೆದಿಟ್ಟರು. ಮಾವನವರು ತುಸು ಹೊತ್ತು ಸುಮ್ಮನಿದ್ದು, 1972ರ ಬರಗಾಲದಲ್ಲಿ ಹೊರದೇಶದ ಕೆಂಪು ಜೋಳಕ್ಕೆ ಸಾಲು ನಿಂತದ್ದನ್ನು ಹೇಳಿದರು. “ಆ ಜ್ವಾಳದ ರೊಟ್ಟಿ ಗಂಟಲದಾಗ ಇಳೀತಿರಲಿಲ್ಲ. ಆದ್ರೂ ಜೀವ ಉಳಿಸಿತು” ಎಂದರು.

ಅಮಾವಾಸ್ಯೆಯ ನಸುಕಿಗೆ ಒಲೆ ಹೊತ್ತಿತು. ಮೊದಲ ಸರದಿ ನನ್ನ ಹಂಚಿನದು. ಎಸರು ಕುದಿದು ಹಿಟ್ಟಿನ ನಡುವಿನ ಕುಣಿಗೆ ಬಿತ್ತು. ಅತ್ತೆಯವರು ಕೈ ಸುಡುವ ಹಿಟ್ಟನ್ನೇ ನಾದಿ, ಮುಟಿಗೆ ಹಿಡಿದು, ಕೆಳಗೆ ಒಣಹಿಟ್ಟು ಉದುರಿಸಿ ಬಡಿಯತೊಡಗಿದರು. ಬಡಿತಕ್ಕೊಮ್ಮೆ ರೊಟ್ಟಿ ತಾನೇ ಒಂದಿಷ್ಟು ತಿರುಗುತ್ತದೆ, ತಿರುಗಿದಷ್ಟೂ ಅಗಲವಾಗುತ್ತದೆ. ಅಂಚು ಎಲ್ಲಿಯೂ ಸೀಳಲಿಲ್ಲ. ಎತ್ತಿ ಹಂಚಿಗೆ ಹಾಕಿ, ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರಿ, ತಿರುವಿ, ಕೊನೆಗೆ ಕೆಂಡದ ಎದುರು ನಿಲ್ಲಿಸಿದಾಗ ರೊಟ್ಟಿ ಉಬ್ಬಿ ನಿಂತಿತು. ಸಜ್ಜೆ ರೊಟ್ಟಿಗೆ ಎಳ್ಳು ಒತ್ತಿದರು. ಬಿಸಿಗೆ ಎಳ್ಳು ಚಟಚಟ ಸಿಡಿದು ಮನೆಯೆಲ್ಲ ಘಮ. ಎಣ್ಣೆಗಾಯಿ, ಮೆಂತ್ಯೆ ಪಲ್ಯ, ಗುರೆಳ್ಳ ಹಿಂಡಿ, ಅಗಸೆ ಹಿಂಡಿ, ಮೊಸರನ್ನ ಸಾಲಾಗಿ ಸಿದ್ಧವಾದವು. ಇವೆಲ್ಲ ಮುಗಿದು, ಮುಚ್ಚಿ ಎತ್ತಿಟ್ಟ ಮೇಲೆಯೇ ಗೋಧಿಯ ಕಣಕ ಹೊರಗೆ ಬಂದದ್ದು.

ನನ್ನ ಬುತ್ತಿಯಲ್ಲಿ ಹಬ್ಬ ಇರಲೇಬೇಕು ಎಂಬುದು ಅತ್ತೆಯವರ ಹಟ. ಬರೀ ರೊಟ್ಟಿ ಕಟ್ಟಲು ಅವರ ಕೈ ಬರಲಿಲ್ಲ. ಬಿಸಿ ಸಜ್ಜೆ ರೊಟ್ಟಿಯನ್ನು ಪುಡಿಮಾಡಿ, ಬೆಲ್ಲ ಹೆರೆದು ಹಾಕಿ, ಹುರಿದ ಎಳ್ಳು, ಗಸಗಸೆ, ಒಣಕೊಬ್ಬರಿ, ಮನೆಯಲ್ಲೇ ಕುಟ್ಟಿದ ಪುಟಾಣಿ ಹಿಟ್ಟು, ಏಲಕ್ಕಿ ಬೆರೆಸಿ ಮಾದಲಿ ಮಾಡಿದರು. ಅಕ್ಕಿ ಹಿಟ್ಟಿನ ಉಕ್ಕರಿಕೆ ತಟ್ಟಿ, ಒಳಗೆ ಕಡಲೆಬೇಳೆಯ ಹೂರಣ ತುಂಬಿ ಹಬೆಯಲ್ಲಿ ಕಡುಬು ಬೇಯಿಸಿದರು. ಅದು ನಮ್ಮ ದಕ್ಷಿಣದ ಕಡೆಯ ಕ್ರಮ. ನನ್ನ ತಾಯಿಗೆ ಫೋನ್ ಮಾಡಿ ಕೇಳಿ ತಿಳಿದುಕೊಂಡಿದ್ದರು. ಬೀಗಿತ್ತಿಯರು ಹಾಗೆ ಅಡುಗೆಯ ಹದ ಮಾತಾಡಿಕೊಂಡದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಬಂಡಿ ಹೂಡಿ ಎಲ್ಲರೂ ಹೊಲಕ್ಕೆ ಹೋದೆವು. ಟ್ರ್ಯಾಕ್ಟರುಗಳೂ ಹೊರಟಿದ್ದವು. ದಾರಿಯುದ್ದಕ್ಕೂ ಇಳಕಲ್ ಸೀರೆಗಳ ಕೆಂಪು ಸೆರಗು. ಬನ್ನಿ ಮರದ ಕೆಳಗೆ ಐದು ಕಲ್ಲು ಇಟ್ಟು, ಸುಣ್ಣ ಬಳಿದು, ಪಾಂಡವರೆಂದು ಪೂಜೆ ಮಾಡಿದರು. ಆಮೇಲೆ ಚರಗ. ಎಲ್ಲ ಅಡುಗೆಯಿಂದಲೂ ತುಸು ತುಸು ತೆಗೆದು ಕಲಸಿ, ಮಾವನವರು ಬೆಳೆಯ ನಡುವೆ ಚೆಲ್ಲುತ್ತ ಕೂಗು ಹಾಕಿದರು. ಹಿಂದೆ ನೀರು ಚಿಮುಕಿಸುತ್ತ ಬಂದ ಮೈದುನ ದನಿಗೂಡಿಸಿದ. ಕಾಳು ಕಟ್ಟುತ್ತಿರುವ ಹೊಲವೆಂದರೆ ತುಂಬು ಬಸುರಿ, ಅವಳ ಬಯಕೆ ತೀರಿಸಬೇಕು ಎಂಬುದು ರೈತರ ನಂಬಿಕೆ. ನೆಲಕ್ಕೂ ಅದಕ್ಕೆ ಬೇಕಾದ ಊಟ ಕೇಳಿ ಉಣಿಸುವ ಜನ ಇವರು.

ಊಟಕ್ಕೆ ಕೂತಾಗ ಅಕ್ಕಪಕ್ಕದ ಹೊಲದವರೂ ಬಂದರು. ಎಳ್ಳಮಾಸಿಯಲ್ಲಿ ಒಂದು ಮನೆಯ ಬುತ್ತಿ ಇನ್ನೊಂದು ಮನೆಯ ತಟ್ಟೆಗೆ ಹೋಗುವುದೇ ಸಂಭ್ರಮ. ಹಿರಿಯ ಹೆಂಗಸೊಬ್ಬರು ಶೇಂಗಾ ಹೋಳಿಗೆ ಹಿಡಿದು ನನ್ನ ಎದುರು ಬಗ್ಗಿದರು. “ಬೆಂಗಳೂರ್ ಸೊಸಿ ಅದೀಯವಾ, ನಮ್ಮ ಕೈದು ಒಂದ್ ತಗೋ.” ನಾನು ಬಾಯಿ ತೆರೆಯುವ ಮೊದಲೇ ಅತ್ತೆಯವರ ಮಾತು ಬಂತು: “ಆಕಿಗಿ ಗೋದಿ ನಡಿಯಂಗಿಲ್ಲಕ್ಕಾ. ಕರುಳಿಗಿ ಗಾಯ ಆಗತೈತಿ. ಆಕಿಗಿ ನಾ ಬ್ಯಾರೆ ಬುತ್ತಿ ಕಟ್ಟೀನಿ. ನಿನ್ನ ಬುತ್ತ್ಯಾಗಿನ ಶೇಂಗಾ ಉಂಡಿ ಕೊಡು, ಅದು ನಡೀತೈತಿ.” ಆ ಹಿರಿಯರು ಕೂಡಲೇ ಹೋಳಿಗೆ ಹಿಂದೆ ತೆಗೆದು, ಕೈ ತೊಳೆದುಕೊಂಡು ಬಂದು, ಬೇರೆ ಡಬ್ಬಿಯಿಂದ ಉಂಡೆ ಕೊಟ್ಟರು. ಬೇಸರವೂ ಇಲ್ಲ, ಚರ್ಚೆಯೂ ಇಲ್ಲ. ಮನೆಯ ಹಿರಿಯಳು ಹೇಳಿದ ಮೇಲೆ ಅದು ಆ ಮನೆಯ ಕಟ್ಟಳೆ, ಸೊಸೆಯ ಹಟವಲ್ಲ.

ಈ ರಜೆಯಿಂದ ನಾನು ಕಂಡುಕೊಂಡದ್ದು ಇದನ್ನೇ. ಪಥ್ಯ ಹಿಡಿಯಬೇಕಾದವರು ಉಣ್ಣುವವರು ಎಂದು ನಾವು ಅಂದುಕೊಂಡಿದ್ದೇವೆ. ಆದರೆ ತನ್ನದಲ್ಲದ ಅಡುಗೆಮನೆಯಲ್ಲಿ ಒಬ್ಬರು ಎಷ್ಟು ಕಾವಲು ಕಾದಾರು? ಎಷ್ಟು ಸಲ ಬೇಡ ಎಂದಾರು? ಉಣ್ಣಿಸುವ ಮನೆ ಪಥ್ಯವನ್ನು ತನ್ನದಾಗಿಸಿಕೊಂಡರೆ ಮಾತ್ರ ಅದು ನಿಲ್ಲುತ್ತದೆ. ನಮ್ಮ ಮನೆಗಳಿಗೆ ಇದು ಹೊಸತೂ ಅಲ್ಲ. ಬಾಣಂತಿಗೆ ಏನು ಕೊಡಬೇಕು, ಏನು ಕೊಡಬಾರದು ಎಂದು ಪ್ರತಿ ಹಿರಿಯಳಿಗೂ ಗೊತ್ತು. ಆಗ ಯಾರೂ ಒಂದು ಚೂರು ತಿನ್ನು, ಏನೂ ಆಗುವುದಿಲ್ಲ ಎಂದು ಬಾಣಂತಿಯ ತಟ್ಟೆಗೆ ಬೇಡದ್ದನ್ನು ಹಾಕುವುದಿಲ್ಲ. ಸೋಮವಾರದ ಉಪವಾಸ, ಶ್ರಾವಣದ ನೇಮ, ಮಾಲೆ ಹಾಕಿದವರ ಬೇರೆ ಒಲೆ, ಇವನ್ನೆಲ್ಲ ಮನೆಗಳು ಗೌರವದಿಂದ ನಡೆಸಿಕೊಂಡು ಬಂದಿವೆ. ವೈದ್ಯರು ಹೇಳಿದ ಪಥ್ಯಕ್ಕೂ ಅದೇ ಗೌರವ ಸಲ್ಲಬೇಕು.

ಅದಕ್ಕೆ ದುಬಾರಿ ಪದಾರ್ಥ ಬೇಕಿಲ್ಲ. ಸಿರಿಧಾನ್ಯಗಳ ಕಡೆಗೆ ಜಗತ್ತಿನ ಗಮನ ಸೆಳೆಯಲು ವಿಶ್ವಸಂಸ್ಥೆ 2023ನ್ನು ಅವುಗಳ ವರ್ಷವೆಂದು ಆಚರಿಸಿತು. ವಿಜಯಪುರದ ಜೋಳ, ಸಜ್ಜೆ, ಮಂಡ್ಯದ ರಾಗಿ, ಕರಾವಳಿ ಮಲೆನಾಡಿನ ಅಕ್ಕಿ ನನ್ನಂಥವರನ್ನು ಅದಕ್ಕೂ ಮೊದಲಿನಿಂದ ಸಾಕಿಕೊಂಡು ಬಂದಿವೆ. ಕೊರತೆ ಇರುವುದು ಧಾನ್ಯದ್ದಲ್ಲ, ತಿಳಿವಳಿಕೆಯದು.

ಹೊರಡುವ ಹಿಂದಿನ ದಿನ ಗಿರಣಿಯವನು ಮನೆಗೆ ಬಂದಿದ್ದ. ಅವನ ತಂಗಿಯ ಮಗುವಿಗೆ ಯಾವಾಗಲೂ ಭೇದಿ, ವಯಸ್ಸಿಗೆ ತಕ್ಕ ಬೆಳವಣಿಗೆ ಇಲ್ಲವಂತೆ. ಅತ್ತೆಯವರು ತಾವೇ ವೈದ್ಯರಾಗಲಿಲ್ಲ. ಗೋಧಿ ಬಿಡಿಸು ಎಂದೂ ಹೇಳಲಿಲ್ಲ, ಏಕೆಂದರೆ ಪರೀಕ್ಷೆಗೆ ಮೊದಲೇ ಬಿಟ್ಟರೆ ಕಾಯಿಲೆ ರಕ್ತದಲ್ಲಿ ಕಾಣದೆ ಹೋಗಬಹುದು ಎಂದು ನಾನು ಹೇಳಿದ್ದು ಅವರಿಗೆ ನೆನಪಿತ್ತು. ಟಿಟಿಜಿ ಎಂಬ ರಕ್ತಪರೀಕ್ಷೆಯ ಹೆಸರನ್ನು ಮೊಮ್ಮಗಳ ಕೈಯಿಂದ ಚೀಟಿಯಲ್ಲಿ ಬರೆಸಿ, ದೊಡ್ಡಾಸ್ಪತ್ರೆಯ 
ಮಕ್ಕಳ ಡಾಕ್ಟರಿಗೆ ತೋರಿಸು ಎಂದು ಕೊಟ್ಟರು.

ಹಬ್ಬಕ್ಕೆ ಮನೆಗೆ ಬರುವವರಲ್ಲಿ ಯಾರಿಗಾದರೂ ಪಥ್ಯವಿದ್ದರೆ ಮೊದಲೇ ಫೋನ್ ಮಾಡಿ ಕೇಳಿ. ಏನು ಆಗದು ಎಂದಷ್ಟೇ ಕೇಳಬೇಡಿ, ಎಷ್ಟು ಆಗದು, ಯಾವ ಪಾತ್ರೆಯಿಂದ ಆಗದು ಎಂಬುದನ್ನೂ ಕೇಳಿ. ಅವರ ಅಡುಗೆ ಮೊದಲು ಮಾಡಿ ಮುಚ್ಚಿಡಿ. ಪಂಕ್ತಿಯಲ್ಲಿ ಅವರು ಬೇಡ ಎನ್ನಬೇಕಾಗಿ ಬರುವ ಮೊದಲೇ ಅವರ ಪರವಾಗಿ ನೀವು ಹೇಳಿಬಿಡಿ. ಅವರ ಎಲೆಯ ಮೇಲೂ ಒಂದು ಸಿಹಿ ಇರಲಿ. ಇಷ್ಟು ಮಾಡಿದ ಮನೆಯಲ್ಲಿ ರೋಗಿ ಇರುವುದಿಲ್ಲ, ಹಬ್ಬಕ್ಕೆ ಬಂದ ಮನೆಮಗಳು ಇರುತ್ತಾಳೆ.